ಕೇಕಿನಂಥ ಅಂಗಳ

ಅತ್ತೆ ಜಾರಿ ಬಿದ್ದದ್ದು ಮಗ ಆಸೆಪಟ್ಟು ಅಂಗಳಕ್ಕೆ ಹಾಕಿಸಿದ ನುಣುಪು ಕಲ್ಲಿನ ಮೇಲೆ. ಮೂಳೆ ಮುರಿಯಲಿಲ್ಲ, ಧೈರ್ಯ ಮುರಿಯಿತು. ಆಮೇಲೆ ಅವರು ಹೊಸ್ತಿಲು ದಾಟಲೇ ಇಲ್ಲ. ಕಿಟಕಿಯಿಂದ ಗಿಡ ನೋಡುತ್ತ ಕೂರುವ ಅವರನ್ನು ಕಂಡಾಗಲೆಲ್ಲ ಸೊಸೆಗೆ ಗಂಡನ ಮೇಲೆ ಮೈ ಉರಿಯುತ್ತಿತ್ತು.

ಅವಳ ಗಂಡನದು ಬೇಕರಿ. ಕೇಕಿನ ಮೇಲೆ ಹೂ ಬಿಡಿಸುವುದರಲ್ಲಿ ಎತ್ತಿದ ಕೈ. ಅಂಗಳವನ್ನೂ ಹಾಗೇ ಮಾಡಿದ್ದ: ಅಂಚಿಗೆಲ್ಲ ಬಣ್ಣದ ಹೂ, ನಡುವೆ ಸಿಮೆಂಟಿನ ಹಂಸ, ಅದನ್ನು ಸುತ್ತಿಕೊಂಡು ಗೇಟಿಗೆ ಹೋಗುವ ದಾರಿ. ಬೀದಿಯವರೆಲ್ಲ ಹೊಗಳುತ್ತಿದ್ದರು.

"ಇದು ಕೇಕಲ್ಲ ಕಣ್ರೀ, ಮನೆ. ನೋಡೋರಿಗೆ ಮಾಡಿದೀರಿ, ನಡೆಯೋರಿಗಲ್ಲ," ಎಂದಳು ಅವಳು.

"ಅಮ್ಮ ನೋಡ್ಕೊಂಡು ಹೆಜ್ಜೆ ಇಡಬೇಕಿತ್ತು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕು, ಬೈಗುಳ ಮಾತ್ರ ಮುದುಕಿಯ ಕಾಲಿಗೆ! ಅವಳು ಮಾತು ಬೆಳೆಸದೆ, ಪಕ್ಕದ ಬೀದಿಯಲ್ಲಿ ಗಿಡ ಮಾರುವ ನರ್ಸರಿಯಕ್ಕನನ್ನು ಕರೆತಂದಳು.

ಅಕ್ಕ ಹೂ ನೋಡಲಿಲ್ಲ, ನೆಲ ನೋಡಿದರು. ಹೂವಿನ ಪಾತಿಯನ್ನು ಸೀಳಿಕೊಂಡು ಗೇಟಿಗೆ ನೇರವಾಗಿ ಒಂದು ಕಾಲುಹಾದಿ ಸವೆದಿತ್ತು.

"ಇಲ್ಲಿ ಯಾರು ಓಡಾಡ್ತಾರೆ?"

ಗಂಡ ತಲೆ ತುರಿಸಿಕೊಂಡ. "ಬೆಳಿಗ್ಗೆ ಬೇಕರಿಗೆ ಅವಸರ ಇರುತ್ತಲ್ಲ, ನಾನೇ."

"ನೀವೇ ತುಳಿಯದ ದಾರೀನ ಅಮ್ಮಂಗೆ ಹಾಕಿದ್ರಾ?" ಸೊಸೆ ಸಿಟ್ಟಿನಿಂದ ಕೇಳಿದಳು.

"ಕಾಲು ಎಲ್ಲಿ ಹೋಗುತ್ತೋ ಅಲ್ಲೇ ದಾರಿ," ಎಂದರು ಅಕ್ಕ. "ಇಬ್ಬರು ಜೊತೆಗೆ ನಡೆಯೋಷ್ಟು ಅಗಲ ಇರಲಿ, ಕಲ್ಲು ಒರಟಾಗಿರಲಿ. ಇಳಿಜಾರು ಮನೆ ಕಡೆಗಿದೆ, ಅದಕ್ಕೇ ನೀರು ನಿಂತು ಪಾಚಿ ಕಟ್ಟಿದೆ. ಅದನ್ನ ಮನೆ ಗೋಡೆಯಿಂದ ಆಚೆ ತಿರುಗಿಸಿ. ಗಿಡ ನೆಡುವಾಗ ಬೆಳೆದ ಮೇಲಿನ ಅಳತೆ ಲೆಕ್ಕ ಹಾಕಿ. ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ. ಒಂದೇ ಥರದ್ದನ್ನ ಗುಂಪಾಗಿ ನೆಟ್ರೆ ಕಣ್ಣಿಗೂ ಹಿತ, ನೀರು ಹಾಕೋಕೂ ಸುಲಭ."

"ಹಂಸ?" ಎಂದ ಗಂಡ ಮೆಲ್ಲಗೆ.

"ಇರಲಿ ಬಿಡಿ. ಕಣ್ಣು ನಿಲ್ಲೋಕೆ ಒಂದು ಜಾಗ ಬೇಕು. ಕಾಲಿಗೆ ಅಡ್ಡ ಬರದ ಮೂಲೇಲಿಡಿ. ಎದುರಿಗೆ, ನೆರಳಿರೋ ಕಡೆ, ಒಂದು ಬೆಂಚು."

ಕೆಲಸ ಮುಗಿದ ದಿನ, ಹೊಸ ದಾರಿ ಶುರುವಾಗುವ ಬಾಗಿಲಲ್ಲಿ ನಿಂತು ಅತ್ತೆ ಕೇಳಿದರು, "ಜಾರಲ್ವೇನೋ?"

"ನೀರು ಸುರಿದು ಬರಿಗಾಲಲ್ಲಿ ನಡೆದು ನೋಡಿದೀನಮ್ಮ," ಎಂದು ಮಗ ಕೈ ಚಾಚಿದ. ಅವರು ಬೆಂಚಿನವರೆಗೂ ನಡೆದರು. ಸೊಸೆಯ ಸಿಟ್ಟು ಮಾತ್ರ ಪೂರ್ತಿ ಇಳಿಯಲಿಲ್ಲ. ಕಿಟಕಿಯಲ್ಲಿ ಕಳೆದ ದಿನಗಳನ್ನು ಅತ್ತೆಗೆ ಯಾರು ತಂದುಕೊಡುತ್ತಾರೆ?

ನೀವೂ ಕೈತೋಟ ಮಾಡುವವರಿದ್ದೀರಾ? ಗಿಡ ತರುವ ಮೊದಲು ಮನೆಯ ಹಿರಿಯರ ಕೈ ಹಿಡಿದು ಬಾಗಿಲಿಂದ ಗೇಟಿನವರೆಗೆ ಒಮ್ಮೆ ನಡೆಯಿರಿ. ಅವರು ನಿಮ್ಮ ಕೈಯನ್ನು ಗಟ್ಟಿಯಾಗಿ ಹಿಡಿದ ಜಾಗದಿಂದಲೇ ಕೆಲಸ ಶುರು ಮಾಡಿ.