ಹಸಿರು ಫೈಲಿನ ಇಂಗ್ಲಿಷು

“‘ವಿತ್ ರೆಫರೆನ್ಸ್ ಟು ದಿ ಅಬೌವ್’ ಅಂತ ಶುರು ಮಾಡು. ಮುಂದಿನ ಇಂಗ್ಲಿಷು ತಾನಾಗೇ ಬರುತ್ತೆ,” ಎಂದ ಉಮಾಶಂಕರ.

ಕಮಲಾಕ್ಷಿ ಪೆನ್ಸಿಲನ್ನು ಮೇಜಿನ ಮೇಲೆ ಕುಕ್ಕಿದಳು. ಮೊನೆ ಪಟ್ಟನೆ ಮುರಿಯಿತು. “ರೀ, ಮೂರು ವರ್ಷದ ಮಗು ‘ಮಿಸ್, ನೀರು’ ಅಂದ್ರೆ ಅದಕ್ಕೂ ವಿತ್ ರೆಫರೆನ್ಸ್ ಅನ್ನಲಾ?”

ವಿಜಯವಾಡದ ಭವಾನಿಪುರಂನಲ್ಲಿ ಹೊಸದಾಗಿ ತೆರೆದಿದ್ದ ಇಂಗ್ಲಿಷ್ ಮೀಡಿಯಂ ನರ್ಸರಿಗೆ ಟೀಚರು ಬೇಕಾಗಿದ್ದರು. ಸೋಮವಾರ ಹತ್ತಕ್ಕೆ ಇಂಟರ್‌ವ್ಯೂ; ಇವತ್ತಾಗಲೇ ಶನಿವಾರ. ತಪ್ಪಿಲ್ಲದೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡಿದರೆ ಸಾಕು ಎಂದು ಹೆಡ್‌ಮಿಸ್ಟ್ರೆಸ್ ಹೇಳಿಕಳಿಸಿದ್ದರು. ತುಮಕೂರಿನಿಂದ ವಿಶಾಖಪಟ್ಟಣ, ಅಲ್ಲಿಂದ ವಿಜಯವಾಡ ಎಂದು ಬ್ಯಾಂಕಿನವರು ಗಂಡನನ್ನು ಎತ್ತಿಹಾಕಿದ ಕಡೆಗೆಲ್ಲ ಪಾತ್ರೆಪಗಡ ಕಟ್ಟಿಕೊಂಡು ಹೋದವಳಿಗೆ, ಹದಿನಾಲ್ಕು ವರ್ಷದಲ್ಲಿ ತನ್ನ ಹೆಸರಿಗೆ ಬಂದ ಮೊದಲ ಕರೆ ಅದು.

ನಾನೇ ಹೇಳಿಕೊಡುತ್ತೇನೆಂದು ಗಂಡ ಎದೆ ತಟ್ಟಿಕೊಂಡು ಹತ್ತು ದಿನವಾಗಿತ್ತು. ಪಾಠವೆಂದರೆ ಒಂದು ಹಸಿರು ಫೈಲು, ಅದರೊಳಗೆ ಹಳೆಯ ಮ್ಯಾನೇಜರುಗಳ ಕಾಗದದ ನಕಲುಗಳು. ರಜೆಗೊಂದು, ವರ್ಗಕ್ಕೊಂದು, ಫ್ಯಾನು ಕೆಟ್ಟರೆ ಮತ್ತೊಂದು. ‘ಐ ಬೆಗ್ ಟು ಸ್ಟೇಟ್’ ಎಂದು ಎಷ್ಟು ಸಲ ಬರೆದಿದ್ದಳೆಂದರೆ, ಪಕ್ಕದ ಮನೆಯ ಕೋಟೇಶ್ವರಮ್ಮ ಏನಾದರೂ ಇಂಗ್ಲಿಷಿನಲ್ಲಿ ಹೇಳಿ ನೋಡೋಣ ಎಂದಾಗ ಅದೇ ಬಾಯಿಗೆ ಬಂದಿತ್ತು. ಆಕೆ ನಗಲಿಲ್ಲ. ನಕ್ಕುಬಿಟ್ಟಿದ್ದರೇ ವಾಸಿಯಿತ್ತು.

“ಹೋಗ್ಲಿ, ಇದು ಹೇಳಿ. ಇಲ್ಲಿ ‘ಹ್ಯಾಸ್’ ಇದೆ, ಅಲ್ಲಿ ‘ಹ್ಯಾವ್’ ಇದೆ. ಯಾವಾಗ ಯಾವುದು?”

“ಅದು ಹಂಗೇ ಕಣೇ. ಫೈಲಲ್ಲಿ ಹಂಗೇ ಇರೋದು.”

“ಯಾಕೆ ಅಂತ?”

“ಯಾಕೆ ಅಂತ ಬ್ಯಾಂಕಲ್ಲಿ ಯಾರೂ ಕೇಳಲ್ಲ!”

“ಅಬ್ಬಬ್ಬಾ! ಹತ್ತು ದಿನ ಹಾಳು ಮಾಡಿದ್ರಲ್ಲ. ಗೊತ್ತಿಲ್ಲ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಉಮಾಶಂಕರ ಫೈಲಿನ ದಾರ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ.

“ಗೊತ್ತಿಲ್ಲ ಕಮಲಾ. ಹದಿನೆಂಟು ವರ್ಷದಿಂದ ಇದನ್ನೇ ನೋಡ್ಕೊಂಡು ಬರೀತಿದೀನಿ. ಹೆಸರು, ತಾರೀಕು ಬದಲಾಯಿಸ್ತೀನಿ, ಅಷ್ಟೆ. ಇನ್ಸ್‌ಪೆಕ್ಷನ್‌ಗೆ ಬಂದೋರು ಇಂಗ್ಲಿಷಲ್ಲಿ ಮಾತಾಡಿಸಿದ್ರೆ ಕೆಮ್ಮು ಬಂದೋನ ಹಂಗೆ ನೀರು ಕುಡಿಯೋಕೆ ಎದ್ದು ಹೋಗ್ತೀನಿ.”

ಕಮಲಾಕ್ಷಿ ಅಡುಗೆಮನೆಗೆ ಹೋಗಿ ಅಕ್ಕಿಡಬ್ಬದ ಹಿಂದಿನಿಂದ ಒಂದು ಪುಸ್ತಕ ತಂದಳು. ಇಂಗ್ಲಿಷ್ ವ್ಯಾಕರಣ, ವಿವರಣೆಯೆಲ್ಲ ತೆಲುಗಿನಲ್ಲಿ.

“ಕೋಟೇಶ್ವರಮ್ಮ ಕೊಟ್ಟಿದ್ದು. ನಿಮಗೆ ಬೇಜಾರಾಗುತ್ತೆ ಅಂತ ಮುಚ್ಚಿಟ್ಟಿದ್ದೆ. ಎಂಥಾ ದಡ್ಡಿ ನಾನು!”

“ನಂಗೆ ತೆಲುಗು ಓದೋಕೆ ಬರಲ್ವಲ್ಲೇ.”

“ಏಳು ವರ್ಷದಿಂದ ಈ ಮನೇಲಿ ಬಸ್ಸಿನ ಬೋರ್ಡು ಓದೋರು ಯಾರು? ನಾನು ಓದ್ತೀನಿ. ನೀವು ಮಾತಾಡದೆ ಕೂತ್ಕೊಳ್ಳಿ.”

ಅವಳು ಮೊದಲ ಪುಟ ತೆರೆದಳು. ಉಮಾಶಂಕರ ಒಳಗಿನಿಂದ ಶೇವಿಂಗ್ ಬ್ಲೇಡು ತಂದು, ಅವಳೆದುರಿನ ಸ್ಟೂಲಿನಲ್ಲಿ ಕೂತು, ಮುರಿದ ಪೆನ್ಸಿಲನ್ನು ಹೆರೆಯತೊಡಗಿದ.