ಬಾಗಿಲ ಹಿಡಿಯ ಉದಾಹರಣೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ತತ್ವಶಾಸ್ತ್ರ ವಿಭಾಗದ ಮೆಟ್ಟಿಲೇ ಕಾಣುತ್ತಿರಲಿಲ್ಲ. ಊಹೆಗಳನ್ನು ಬದಿಗಿಟ್ಟು ಕಂಡದ್ದನ್ನು ಕಂಡಂತೆ ನೋಡಿ ಎಂದು ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರನ್ನು ವಾರದಿಂದ ಒಂದೇ ಅನುಮಾನ ಕೊರೆಯುತ್ತಿತ್ತು. ಬಾಗಿಲ ಹಿಡಿಯನ್ನು ಕಣ್ಣಿಗಿಂತ ಮೊದಲು ಕೈ ಅರಿಯುತ್ತದೆ ಎಂಬ ತಮ್ಮ ಉದಾಹರಣೆಯನ್ನು ಶಿಷ್ಯೆ ತನ್ನ ಲೇಖನಕ್ಕೆ ಕದ್ದಿದ್ದಾಳೆ! ಅವಳ ಕೆಲಸಕ್ಕೆ ಬೇಕಾದ ಶಿಫಾರಸು ಪತ್ರ ಸಹಿಯಿಲ್ಲದೆ ಅವರ ಮೇಜಿನ ಖಾನೆಯಲ್ಲೇ ಉಳಿದಿತ್ತು.

ಶಿಷ್ಯೆ ಒಳಗೆ ಬಂದಳು. “ಸರ್, ಪತ್ರಕ್ಕೆ ಇವತ್ತೇ ಕೊನೇ ದಿನ.”

“ಮೊದ್ಲು ಇದು ಯಾರ ಮಾತು ಹೇಳಮ್ಮ,” ಎಂದು ಮೇಷ್ಟ್ರು ಲೇಖನದ ಮೂರನೇ ಪುಟಕ್ಕೆ ಬೆರಳಿಟ್ಟರು.

“ನಿಮ್ದೇ ಸರ್. ಕೊನೇ ಪುಟದ ಟಿಪ್ಪಣೀಲಿ ಬರ್ದಿದೀನಲ್ಲ. ಅಲ್ಲೀತನಕ ಓದ್ಲೇ ಇಲ್ವಾ? ನಾವು ಟಿಪ್ಪಣಿ ಬಿಟ್ರೆ ಕಿವಿ ಹಿಂಡ್ತಿದ್ರಿ!”

ಮೇಷ್ಟ್ರು ಹಾಳೆ ತಿರುವಿದರು. ‘ಈ ಉದಾಹರಣೆ ನನ್ನ ಗುರುಗಳದು’ ಎಂದಿತ್ತು. ದೇವರೇ ಎಂದುಕೊಂಡು ಖಾನೆ ಎಳೆದರು. ಸಹಿ ಹಾಕಿ, ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟರು.