ಹತ್ತು ಕಾಲರ್

"ಹೊಡಿಯವಾ ವಾಚು, ನಾ ತಯಾರ ಅದೀನಿ," ಎಂದು ಸಿದ್ದಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಶೀನಿನ ಮೇಲೆ ಬಾಗಿದಳು. ಸ್ಟಾಪ್‌ವಾಚ್ ಹಿಡಿದು ಎದುರಿಗೆ ನಿಂತಿದ್ದವಳು ಮಗಳು ಭುವನೇಶ್ವರಿ.

ಬೊಮ್ಮನಹಳ್ಳಿಯ ಆ ಗಾರ್ಮೆಂಟ್ಸಿನಲ್ಲಿ ಸಿದ್ದಕ್ಕ ಹನ್ನೊಂದು ವರ್ಷದಿಂದ ಶರ್ಟಿಗೆ ಕಾಲರ್ ಕೂರಿಸುತ್ತಿದ್ದಾಳೆ. ಇಂಜಿನಿಯರಿಂಗ್ ಕೊನೆಯ ವರ್ಷದ ಮಗಳಿಗೆ ಎಲ್ಲೂ ಇಂಟರ್ನ್‌ಶಿಪ್ ಸಿಗದಿದ್ದಾಗ ಲೈನ್ ಇನ್‌ಚಾರ್ಜ್ ಶಿವಶಂಕರನ ಬೆನ್ನು ಬಿದ್ದು ಇಲ್ಲೇ ಕೊಡಿಸಿದವಳೂ ಅವಳೇ. ಹದಿನಾರು ವಾರದ ಕೆಲಸಕ್ಕೆ ಕಾಲೇಜಿನಲ್ಲಿ ಹತ್ತು ಕ್ರೆಡಿಟ್. ವರದಿಯನ್ನು ನಾಳೆಯೇ ಒಪ್ಪಿಸಬೇಕು. ಶಿವಶಂಕರನ ಸಹಿ ಬೀಳದಿದ್ದರೆ ಹತ್ತೂ ಇಲ್ಲ, ಈ ವರ್ಷ ಡಿಗ್ರಿಯೂ ಇಲ್ಲ.

ಶಿವಶಂಕರ ದಡ್ಡನಲ್ಲ. ವೇಗ ಅಳೆದು ಹೊಸ ಟಾರ್ಗೆಟ್ ಹಾಕಿ ಎಂದು ಮೇಲಿನಿಂದ ಹೇಳಿಕೆ ಬಂದಿತ್ತು. ಅಳೆಯುವವರನ್ನು ಕಂಡರೆ ಟೈಲರುಗಳ ಕೈ ತಾನಾಗಿ ನಿಧಾನವಾಗುತ್ತದೆಂದು ಅವನಿಗೆ ಗೊತ್ತು. ಮಗಳೇ ಅಳೆಯಲು ನಿಂತರೆ ತಾಯಿಯ ಕೈ ಏನಾಗುತ್ತದೆಂದೂ ಗೊತ್ತು.

ಮೊದಲ ಕಾಲರ್ ನಲವತ್ತೊಂದು ಸೆಕೆಂಡಿಗೆ ಮುಗಿಯಿತು. ದಿನವೂ ಅದಕ್ಕೆ ಪೂರ್ತಿ ಒಂದು ನಿಮಿಷ ಹಿಡಿಯುತ್ತಿತ್ತು. ಭುವನೇಶ್ವರಿ ಇನ್‌ಚಾರ್ಜ್‌ಗೆ ಬೆನ್ನು ಮಾಡಿ, ನಿಧಾನ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದಳು. ಪಾಪ, ಆ ತಾಯಿ ಅದನ್ನು ಭೇಷ್ ಎಂದುಕೊಂಡು ಪೆಡಲನ್ನು ಇನ್ನಷ್ಟು ಒತ್ತಿದಳು.

ಪಕ್ಕದ ಮಶೀನಿನ ಚನ್ನಕ್ಕ ಬೇಕೆಂದೇ ಕತ್ತರಿ ಬೀಳಿಸಿದಳು. "ಒಸಿ ಉಸ್ರಾಡು ಸಿದ್ದಕ್ಕ."

"ನಿನಗ್ಯಾಕ ಹೊಟ್ಟಿಕಿಚ್ಚು? ನನ್ನ ಮಗಳ ಪರೀಕ್ಷಾ ಐತಿ," ಎಂದಳು ಸಿದ್ದಕ್ಕ, ತಲೆಯೆತ್ತದೆ.

ಹತ್ತು ಕಾಲರ್ ಮುಗಿದವು. ಚನ್ನಕ್ಕನ ಆಚೆಗಿದ್ದ ಮೇಜಿನ ಬಳಿ ಶಿವಶಂಕರ ಮೊಬೈಲಿನಲ್ಲಿ ಲೆಕ್ಕ ಹಾಕಿದ. "ಆವರೇಜ್ ನಲವತ್ತೆರಡು. ಅಂದ್ರೆ ಗಂಟೆಗೆ ಎಂಬತ್ತೈದು! ಅರವತ್ತಕ್ಕೇ ಅಳ್ತಾ ಇದ್ರಲ್ಲ ಇವ್ರು?" ಅವನ ಲೆಕ್ಕದಂತೆ ನಾಳೆಯಿಂದ ಆ ಸಾಲಿನ ಎಂಟು ಹೆಂಗಸರಿಗೂ ಎಂಬತ್ತೈದೇ ಟಾರ್ಗೆಟ್.

"ರೇಟಿಂಗ್ ಕಾಲಂ ಖಾಲಿ ಇದೆ ಸಾರ್," ಎಂದಳು ಭುವನೇಶ್ವರಿ, ಅಳತೆಯ ಹಾಳೆಯನ್ನು ಅವನ ಮೇಜಿನ ಮೇಲಿಟ್ಟು.

"ಹಂಡ್ರೆಡ್ ಹಾಕಮ್ಮ. ಎಲ್ರೂ ಅದೇ ಹಾಕೋದು."

ನೂರು ಎಂದರೆ ಇದು ಅವ್ವನ ಎಂದಿನ ವೇಗ, ದಿನವಿಡೀ ಹೀಗೇ ಹೊಲಿಯಬಲ್ಲಳು ಎಂದು ಬರೆದುಕೊಟ್ಟಂತೆ. ಸಂಜೆ ಮನೆಗೆ ಬಂದ ಅವ್ವನ ಬೆರಳುಗಳು ಚೊಂಬು ಹಿಡಿಯಲೂ ಆಗದಂತೆ ಸೆಟೆದುಕೊಳ್ಳುವುದನ್ನು ಅವಳು ನೋಡಿದ್ದಳು. ಅದೂ ಗಂಟೆಗೆ ಅರವತ್ತು ಹೊಲಿದ ದಿನಗಳಲ್ಲಿ. ಅವಳು ನೂರಾ ನಲವತ್ತು ಎಂದು ಬರೆದು, 'ಅಳೆದವರು' ಎಂಬಲ್ಲಿ ಸಹಿ ಹಾಕಿದಳು. ಅಳೆದವರ ಸಹಿ ಇಲ್ಲದ ಹಾಳೆ, ತಿದ್ದಿದ ಹಾಳೆ ಎರಡೂ ಮೇಲಿನವರಿಗೆ ನಡೆಯುವುದಿಲ್ಲ.

"ಏನಿದು?"

"ಮಾಮೂಲಿಗಿಂತ ನಲವತ್ತು ಪರ್ಸೆಂಟ್ ಜಾಸ್ತಿ ಓಡಿದಾರೆ ಸಾರ್. ಅದನ್ನ ಕಳೆದ್ರೆ ಗಂಟೆಗೆ ಅರವತ್ತೊಂದೇ ಬರೋದು."

"ಅದ್ಹೆಂಗೆ ಗೊತ್ತು ನಿಂಗೆ?"

"ದಿನಾ ನೋಡ್ತೀನಿ ಸಾರ್."

ಅವನು ದನಿ ತಗ್ಗಿಸಿದ. "ನಿಮ್ಮಮ್ಮ ಕೇಳ್ಕೊಂಡ್ರು ಅಂತ ಸೇರಿಸ್ಕೊಂಡಿದ್ದು ನಾನು. ಬೇರೆ ಹಾಳೇಲಿ ನೂರು ಬರ್ಕೊಡು, ಈಗ್ಲೇ ಸೈನ್ ಹಾಕ್ತೀನಿ. ಇಲ್ಲಾಂದ್ರೆ ಇಲ್ಲ." ಅವಳ ವರದಿ ಮೇಜಿನ ಮೇಲೆ ಕೊನೆಯ ಪುಟಕ್ಕೆ ತೆರೆದಿತ್ತು. ಅವನ ಪೆನ್ನೂ ತೆರೆದಿತ್ತು.

"ಆಗಲ್ಲ ಸಾರ್."

ಶಿವಶಂಕರ ಪೆನ್ನಿನ ಕ್ಯಾಪು ಹಾಕಿ ಜೇಬಿಗಿಳಿಸಿದ. ವರದಿಯನ್ನು ಅವಳ ಕೈಗೆ ತುರುಕಿ ಹೊರಟುಹೋದ. ಕೊನೆಯ ಪುಟ ಖಾಲಿಯೇ ಇತ್ತು. ಮಶೀನುಗಳ ಸದ್ದಿನಲ್ಲಿ ಸಿದ್ದಕ್ಕನಿಗೆ ಒಂದು ಮಾತೂ ಕೇಳಿರಲಿಲ್ಲ. ನಡುವೆ ಕೂತಿದ್ದ ಚನ್ನಕ್ಕನಿಗೆ ಎಲ್ಲವೂ ಕೇಳಿತ್ತು.

ಊಟದ ಗಂಟೆ ಹೊಡೆಯಿತು. ಮೂವರೂ ಗೋಡೆಗೆ ಒರಗಿ ಕೂತರು. ಸಿದ್ದಕ್ಕನ ಹಣೆಯ ಬೆವರು ಇನ್ನೂ ಆರಿರಲಿಲ್ಲ. ಮುಖದಲ್ಲಿ ಮಾತ್ರ ಹಬ್ಬ.

"ಕಂಡೇನ ನಿಮ್ಮವ್ವನ ಕೈ? ಸಹಿ ಹಾಕಿದ್ನಿಲ್ಲೋ?"

ಚನ್ನಕ್ಕ ಬಾಯಿ ತೆರೆದಳು. ಭುವನೇಶ್ವರಿ ಅವಳನ್ನೇ ನೋಡಿದಳು. ಚನ್ನಕ್ಕ ಬಾಯಿ ಮುಚ್ಚಿದಳು.

"ಹ್ಞೂನವ್ವಾ. ಊಟ ಮಾಡು," ಎಂದಳು ಮಗಳು.

ಸಿದ್ದಕ್ಕ ಡಬ್ಬಿಯಿಂದ ರೊಟ್ಟಿ ತೆಗೆದು ಮುರಿಯಲು ನೋಡಿದಳು. ಬೆರಳುಗಳು ಮಡಚಿಕೊಳ್ಳಲಿಲ್ಲ. ಎರಡನೇ ಸಲವೂ ಆಗದೆ ನಾಚಿಕೊಂಡು ನಕ್ಕಳು. ಭುವನೇಶ್ವರಿ ರೊಟ್ಟಿ ಮುರಿದು, ಪಲ್ಯಕ್ಕೆ ಅದ್ದಿ ಅವಳ ಬಾಯಿಗಿಟ್ಟಳು. ಚನ್ನಕ್ಕ ತನ್ನ ಚಿತ್ರಾನ್ನದ ಡಬ್ಬಿಯನ್ನು ಹುಡುಗಿಯ ಕಡೆಗೆ ಸರಿಸಿದಳು.